ಗುರುವಪ್ಪನ ಹೆಸರಿನ ಕೋವಿ

ಗುರುವಪ್ಪನ ಹೆಸರಿಗೆ ಕೋವಿ ಬಂತು, ಕೈಗೆ ಬರಲಿಲ್ಲ. ಕಥೆ ಇಷ್ಟೇ. ಇಷ್ಟು ಹೇಳಿ ಎದ್ದು ಹೋಗಬಹುದಿತ್ತು. ಆದರೆ ನಡುವೆ ಒಬ್ಬಳು ಮುದುಕಿ ಸತ್ತಳು. ಅವಳಿಗೆ ಒಂದೇ ಒಂದು ಆಸೆ ಇತ್ತು. ಆ ಆಸೆಯನ್ನು ಏನು ಮಾಡಿದರು ಅನ್ನುವುದನ್ನು ಹೇಳದೆ ಬಿಟ್ಟರೆ ಹೊಟ್ಟೆಯ ಉರಿ ಆರುವುದಿಲ್ಲ.

ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಗಾಳಿಗೆ ಒಂದು ಈಡು, ಅಂದರೆ ಗುಂಡು, ಹೊಡೆಯುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಎರಡನೆಯ ಈಡು ಕೇಳಿದ ಕೂಡಲೇ ಗುಡ್ಡದಾಚೆಯ ತೋಟದಲ್ಲೂ ಜನ ಕತ್ತಿ ಕೆಳಗಿಟ್ಟು, ಯಾರ ಮನೆಯ ಕಡೆಯಿಂದ ಬಂತು ಎಂದು ಕಿವಿಗೊಡುತ್ತಾರೆ. ಬೇರೆ ಕಡೆಯವರು ಕೋವಿಯ ಲೈಸೆನ್ಸಿಗಾಗಿ ಕಚೇರಿ ಮೆಟ್ಟಿಲು ಸವೆಸುವಾಗ ಇಲ್ಲಿ ಕೊಡವರಿಗೂ ಜಮ್ಮಾ ಭೂಮಿ ಇದ್ದವರಿಗೂ ವಿನಾಯಿತಿ ಉಂಟು. ಜಮ್ಮಾ ಎಂದರೆ ರಾಜರ ಕಾಲದಲ್ಲಿ ವಂಶಕ್ಕೆಂದು ಬಿಟ್ಟುಕೊಟ್ಟ ಭೂಮಿ. ಹಾಗಾಗಿ ಭೂಮಿ ಇದ್ದವನಿಗೆ ಕೋವಿ, ಕೋವಿ ಇದ್ದವನ ಸಾವಿಗೆ ಸದ್ದು. ಮಿಕ್ಕವರು ಸದ್ದಿಲ್ಲದೆ ಸಾಯಬೇಕು.

ಗುರುವಪ್ಪ ಮಿಕ್ಕವರ ಪೈಕಿ. ಪೈಸಾರಿ ಜಾಗದಲ್ಲಿ, ಅಂದರೆ ಸರ್ಕಾರದ ಖಾಲಿ ನೆಲದಲ್ಲಿ, ಶೀಟು ಹೊದಿಸಿಕೊಂಡ ಹೊಲೆಯರ ಕಾಲೊನಿ. ಸುತ್ತಿ ಬಳಸಿ ಹೇಳುವುದು ಯಾಕೆ. ಆ ಕಾಲೊನಿಯ ಕೊನೆಯ ಮನೆ ಅವನದು. ಅವನ ವಂಶಕ್ಕೆ ಊರು ಒಪ್ಪಿಸಿದ್ದು ಸಾವಿನ ಸುದ್ದಿ ಹೊರುವ ಕೆಲಸ. ಊರಿನ ತೋಟದ ಮಾಲೀಕರಾದ ಗೌಡರ ಮನೆಯಲ್ಲಿ ಎರಡು ಈಡು ಹಾರಿದ ಮೇಲೆ ಇವರ ಮನೆಯವನೊಬ್ಬ ಓಡಬೇಕು. ನೆಂಟರ ಮನೆ ಮನೆಗೆ ಹೋಗಿ ಅಂಗಳದ ಹೊರಗೆ ನಿಂತು ಸತ್ತವರ ಹೆಸರು ಕೂಗಬೇಕು. ಅವರು ಎತ್ತರದಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿಯಬೇಕು. ಪಂಚೆಯ ಸೆರಗಿಗೋ ಟವೆಲಿಗೋ ಹಾಕಿದ ಅಕ್ಕಿ ಕಟ್ಟಿಕೊಂಡು ಮುಂದಿನ ಮನೆಗೆ ಓಡಬೇಕು. ಜಿಗಣೆ ಕಿತ್ತು ಬಿಸಾಡಲೂ ನಿಲ್ಲಬಾರದು, ಸಾವಿನ ಸುದ್ದಿ ದಾರಿಯಲ್ಲಿ ನಿಂತರೆ ಕೇಡು ಅಂತೆ.

ಈಗ ಎಲ್ಲರ ಕೈಯಲ್ಲೂ ಫೋನು. ಹೋದ ವರ್ಷದ ಹಿಂದಿನ ವರ್ಷ ತೀರ್ಥಪ್ರಸಾದ್ ಗೌಡರ ಅಪ್ಪ ತೀರಿಕೊಂಡಾಗ, ಗುರುವಪ್ಪ ಮೊದಲ ಮನೆಯ ಗೇಟು ಮುಟ್ಟುವ ಮುಂಚೆಯೇ ಅಲ್ಲಿಯವರು ಸ್ನಾನ ಮಾಡಿ ಜೀಪು ಹತ್ತಿ ಕೂತಿದ್ದರು. ಆದರೂ ಅವನು ನಿಂತು ಹೆಸರು ಕೂಗಿದ. ಅವರು ಜೀಪಿನಲ್ಲಿ ಕೂತೇ ಕೇಳಿಸಿಕೊಂಡರು. ಸುದ್ದಿ ಫೋನಿನಲ್ಲಿ ಬಂದರೂ ಸಾಲದು, ಅವನ ಕಾಲೂ ಸವೆಯಬೇಕು. ಪದ್ಧತಿ ಅಂದರೆ ಪದ್ಧತಿ.

ಈ ಕೆಲಸಕ್ಕೆಂದು ರಾಜರ ಕಾಲದಲ್ಲಿ ಅವನ ವಂಶಕ್ಕೆ ಒಂದು ತುಂಡು ಗದ್ದೆ ಬಿಟ್ಟಿದ್ದರು. ಊರವರು ಅದನ್ನು ಸುದ್ದಿಗದ್ದೆ ಎನ್ನುತ್ತಾರೆ. ವರ್ಷವಿಡೀ ನೀರು ನಿಂತು, ಬೇಸಾಯವಿಲ್ಲದೆ ಹಡ್ಲು ಬಿದ್ದ ನೆಲ. ಸೊಂಟದವರೆಗೆ ಕೆಸರು. ಯಾರಿಗೂ ಬೇಡವಾಗಿದ್ದರಿಂದಲೇ ಅದು ಇವರ ಕೈಯಲ್ಲಿ ಉಳಿಯಿತು. ಆದರೆ ದಾಖಲೆಯಲ್ಲಿ ಅದೂ ಜಮ್ಮಾ. ಅದು ಹಾಗೆಂದು ಗುರುವಪ್ಪನಿಗೇ ನೆನಪಿರಲಿಲ್ಲ. ತೀರ್ಥಪ್ರಸಾದ್ ಗೌಡರಿಗೆ ನೆನಪಿತ್ತು.

ಗೌಡರ ಕಾಫಿ ತೋಟದಲ್ಲೇ ಗುರುವಪ್ಪನ ದುಡಿಮೆ. ಸಿಲ್ವರ್ ಮರ ಹತ್ತಿ ಕೊಂಬೆ ಕಡಿದು ನೆರಳು ಬಿಡಿಸುವುದು, ಕಾಲುವೆ ತೋಡುವುದು, ಗಿಡಕ್ಕೆ ಹೊಡೆಯುವ ಬೋರ್ಡೊ ಔಷಧಿಯ ಡ್ರಮ್ಮು ಹೊರುವುದು. ಐವತ್ತು ದಾಟಿದ ಮೇಲೂ ಮರ ಹತ್ತುತ್ತಿದ್ದ. ಹೆಗಲಿನ ಚರ್ಮ ಡ್ರಮ್ಮಿನ ಪಟ್ಟಿಗೆ ಉಜ್ಜಿ ಉಜ್ಜಿ ದಪ್ಪಗಾಗಿತ್ತು. ಹೆಂಡತಿ ಲಿಂಗಿಗೂ ಅಲ್ಲೇ ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗು, ಅಲ್ಲೇ ಕಳೆ ಕೀಳುವುದು.

ಒಂದು ದಿನ ಅವನು ಕಾಲುವೆಯೊಳಗೆ ನಿಂತು ಮಣ್ಣು ಎತ್ತಿ ಹಾಕುತ್ತಿದ್ದಾಗ ತೋಟದ ಲೆಕ್ಕ ಬರೆಯುವ ರೈಟರ್ ನಂದೀಶ್ ಬಂದು ದಂಡೆಯ ಮೇಲೆ ನಿಂತ.

"ಗುರುವಪ್ಪ, ಮೇಲೆ ಬಾ. ಗೌಡ್ರು ಕರೀತಾ ಇದ್ದಾರೆ. ಕೈಕಾಲು ತೊಳ್ಕೊಂಡು ಬಾ."

ಕೈಕಾಲು ತೊಳೆದುಕೊಂಡು ಬಾ ಎಂದು ಆ ತೋಟದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಏನೋ ತಪ್ಪಾಗಿದೆ ಎಂದುಕೊಂಡೇ ಹೋದ. ಗೌಡರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಅವನು ಅಂಗಳದಲ್ಲಿ ನಿಂತ.

"ಗುರುವ, ನಿನ್ನ ಸುದ್ದಿಗದ್ದೆ ಜಮ್ಮಾ ಅಲ್ವಾ?"

"ಹೌದಂತೆ ಗೌಡ್ರೆ. ಅಪ್ಪ ಹೇಳ್ತಿದ್ದ."

"ನಿನ್ನ ಹೆಸರಿಗೆ ಒಂದು ಕೋವಿ ಮಾಡ್ಸುವ."

ಗುರುವಪ್ಪನಿಗೆ ನಗು ಬಂತು, ನುಂಗಿಕೊಂಡ. ಗೌಡರು ತಮಾಷೆ ಮಾಡುತ್ತಿರಲಿಲ್ಲ. ಒಬ್ಬನ ಹೆಸರಲ್ಲಿ ಎರಡು ಕೋವಿಗಿಂತ ಹೆಚ್ಚು ಇರಬಾರದು ಎಂದು ಕಾನೂನು ಬಂದಿತ್ತು. ಗೌಡರಲ್ಲಿ ಮೂರಿತ್ತು. ಅಜ್ಜನ ಜೋಡಿನಳಿಗೆ ಕೋವಿ, ಒಂದು ರೈಫಲ್ಲು, ಅಪ್ಪ ಇಟ್ಟುಕೊಂಡಿದ್ದ ರಿವಾಲ್ವರ್. ಮೂರನೆಯದನ್ನು ಸ್ಟೇಷನ್ನಿಗೆ ಒಪ್ಪಿಸಬೇಕು, ಇಲ್ಲವೇ ಹಕ್ಕಿದ್ದವರಿಗೆ ಮಾರಬೇಕು. ಅಣ್ಣತಮ್ಮಂದಿರ ಹೆಸರಿಗೆ ಬರೆದರೆ ಅವರು ನಿಜವಾಗಿಯೂ ತಮ್ಮದೇ ಎಂದು ಇಟ್ಟುಕೊಂಡಾರು. ಗುರುವಪ್ಪನಾದರೆ ಹಾಗೆ ಮಾಡಲಾರ. ನಂಬಿಕೆ ಅಂದರೆ ಇದು. ಬಾಯಿಲ್ಲದವನ ಮೇಲೆ ಬಾಯಿದ್ದವರಿಗೆ ಇರುವ ನಂಬಿಕೆ.

ಆದರೆ ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಮಡಿಕೇರಿಗೆ ಹೋಗುವ ಜೀಪಿನಲ್ಲಿ ನಂದೀಶ್ ಕಾನೂನನ್ನು ಮಾತ್ರ ಉರು ಹೊಡೆಸಿದ. ಅಧಿಕಾರಿ ಕೇಳಿದರೆ ತಪ್ಪಬಾರದಲ್ಲ.

"ಮಾರೋ ಮುಂಚೆ ಕಚೇರಿಗೆ ತಿಳಿಸಿದ್ದೇವೆ ಅನ್ನು. ಕಾಯೋ ಅವಧಿ ಮುಗೀತು ಅನ್ನು. ಗುಂಡು ತೆಗ್ದು ಖಾಲಿ ಮಾಡಿ ಕೊಟ್ಟಿದ್ದಾರೆ ಅನ್ನು. ಕೋವಿ ನಿನ್ನ ಮನೆಯಲ್ಲೇ ಬೀಗ ಹಾಕಿ ಇಡ್ಬೇಕು, ಗುಂಡು ಬೇರೆ ಕಡೆ ಇಡ್ಬೇಕು. ಇನ್ನೊಬ್ಬರ ಕೈಗೆ ಕೊಡಬಾರದು. ಕೊಟ್ರೆ ಜೈಲು. ತಿಳೀತಾ?"

"ತಿಳೀತು ರೈಟ್ರೆ. ನನ್ನ ಮನೇಲೇ ಇಡ್ಬೇಕು."

ನಂದೀಶ್ ತಿರುಗಿ ನೋಡಿದ. ಮತ್ತೆ ರಸ್ತೆಯ ಕಡೆ ಮುಖ ಮಾಡಿದ.

ಕಚೇರಿಯ ಗುಮಾಸ್ತ ಕಾಗದ ನೋಡಿದ, ಗುರುವಪ್ಪನ ಮುಖ ನೋಡಿದ, ಮತ್ತೆ ಕಾಗದ ನೋಡಿದ. "ನಿಮಗೂ ಜಮ್ಮಾ ಉಂಟಾ?" ಎಂದ. ಪಕ್ಕದಲ್ಲಿದ್ದ ಗೌಡರು, "ಉಂಟು ಸಾರ್, ನಮ್ಮವನೇ" ಎಂದರು. ನಮ್ಮವನೇ. ಆ ಮಾತು ಕೇಳಿ ಗುರುವಪ್ಪ ಶರಟಿನ ಗುಂಡಿ ಸರಿಮಾಡಿಕೊಂಡು ನೆಟ್ಟಗೆ ನಿಂತ ಅಂದರೆ ನೀವು ನಗಬಾರದು. ಕುರ್ಚಿ ತೋರಿಸಿ ಕೂರಿ ಅಂದರು. ಅವನು ತುದಿಯಲ್ಲಿ ಕೂತ. ಸೈ ಹಾಕು ಅಂದ ಕಡೆಯೆಲ್ಲ ಹಾಕಿದ. ಮೂರನೇ ಕ್ಲಾಸಿನವರೆಗೆ ಓದಿದ್ದ, ಹೆಸರು ಬರೆಯಲು ಬರುತ್ತಿತ್ತು. ಸಂಜೆ ಜೀಪು ಗೌಡರ ಅಂಗಳಕ್ಕೆ ಬಂತು. ರಿವಾಲ್ವರ್ ಗೌಡರ ಬೀರುವಿಗೆ ಹೋಯಿತು. ಗುರುವಪ್ಪ ಕಾಲುವೆಗೆ ಹೋದ.

ಇವತ್ತಲ್ಲ ನಾಳೆ ಕಳಿಸುತ್ತಾರೆ ಎಂದುಕೊಂಡ. ದೊಡ್ಡವರ ಮನೆಯ ವಸ್ತು, ಒಳ್ಳೆಯ ದಿನ ನೋಡಿ ಕೊಡುತ್ತಾರೆ ಎಂದುಕೊಂಡ. ಅವನು ಮಾಡಿದ ತಪ್ಪೆಂದರೆ ಇದೊಂದೇ, ಹೇಳಿಕೊಟ್ಟ ಕಾನೂನನ್ನು ನಿಜ ಎಂದು ನಂಬಿದ್ದು. ಭಾನುವಾರ ಕೂತು ಹಲಸಿನ ಹಲಗೆ ಕೊಯ್ದು ಪೆಟ್ಟಿಗೆ ಮಾಡಿದ. ಸಂತೆಯಿಂದ ಬೀಗ ತಂದ. ಗುಂಡಿಗೆಂದು ಬೇರೆಯೇ ಒಂದು ಡಬ್ಬಿ. ಪೆಟ್ಟಿಗೆಯನ್ನು ದೇವರ ಮೂಲೆಯಲ್ಲಿ ಇಟ್ಟ. ಕಾಲೊನಿಯವರು ಬಂದು ಬಂದು ನೋಡಿ ಹೋದರು.

"ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೆ ಗತಿ ಇಲ್ಲ" ಎಂದು ಲಿಂಗಿ ಚುಚ್ಚಿದಳು. "ಬೀಗ ಹಾಕಿದ್ದೀಯಲ್ಲ, ಒಳಗೆ ಎಂಥ ಉಂಟು? ಗಾಳಿ ಓಡಿ ಹೋಗ್ತದೆ ಅಂತಲಾ?"

ಆದರೆ ಅವನ ಅವ್ವ ಗಂಗಮ್ಮ ನಗಲಿಲ್ಲ. ಅವಳು ಮಲಗಿದಲ್ಲಿಂದ ಏಳಲಾಗದೆ ಎರಡು ಮಳೆಗಾಲ ಕಳೆದಿತ್ತು. ಸೊಂಟ ಬಿದ್ದಿತ್ತು. ಮಗ್ಗುಲಾಗಿ ಮಲಗಿದರೆ ದೇವರ ಮೂಲೆ ಕಾಣುತ್ತಿತ್ತು.

"ಮಗ, ಅದು ನಿನ್ನ ಹೆಸರಿಗೇ ಬಂತಾ?"

"ಹೌದವ್ವ."

"ನಿಮ್ಮಪ್ಪ ಸತ್ತಾಗ ಯಾರಿಗೂ ಗೊತ್ತಾಗ್ಲಿಲ್ಲೆ. ಊರವರ ಸಾವನ್ನೆಲ್ಲ ಹೊತ್ತು ಓಡಿದ ಮನುಷ್ಯ. ಅವಂದು ಹೇಳ್ಲಿಕ್ಕೆ ಯಾರೂ ಓಡ್ಲಿಲ್ಲೆ. ಮಾರನೇ ದಿನ ಗೌಡ್ರ ಮನೇವ್ರು ಕೇಳ್ತಾರೆ, ನಿನ್ನೆ ಯಾಕೆ ಕೆಲಸಕ್ಕೆ ಬರ್ಲಿಲ್ಲೆ ಅಂತ." ಅವಳು ಉಸಿರು ತೆಗೆದುಕೊಂಡಳು. "ನಾ ಸತ್ರೆ ಎರಡು ಈಡು ಹೊಡ್ಸೊಕು ಮಗ. ಸಣ್ಣ ಕೋವಿ ಆದ್ರೆ ಎಂಥ, ಸದ್ದು ಬಂದ್ರೆ ಸಾಕು. ಗಂಗಿ ಸತ್ತಳು ಅಂತ ಒಂದ್ಸಲ ಊರಿಗೆ ಕೇಳ್ಲಿ."

"ಹೊಡೆಸ್ತೇನೆ ಅವ್ವ" ಎಂದ. ಆ ಮಾತು ಕೊಟ್ಟದ್ದು ಅವನೇ. ಯಾರೂ ಬಲವಂತ ಮಾಡಿರಲಿಲ್ಲ.

ಕೈಲು ಮುಹೂರ್ತ ಬಂತು. ಕೋವಿ ಕತ್ತಿಗಳಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬ. ಅಷ್ಟರಲ್ಲಿ ತಿಂಗಳುಗಟ್ಟಲೆ ಕಳೆದಿತ್ತು, ಗೌಡರು ಕಳಿಸಿರಲಿಲ್ಲ. ಗುರುವಪ್ಪ ಒಗೆದ ಶರಟು ಹಾಕಿಕೊಂಡು ಹೋದ. ಜಗಲಿಯಲ್ಲಿ ಕೋವಿಗಳನ್ನು ಒರಗಿಸಿ ಹೂವಿಟ್ಟಿದ್ದರು. ಹಂದಿ ಸಾರಿನ ವಾಸನೆ ಅಂಗಳಕ್ಕೆ ಬರುತ್ತಿತ್ತು. ರಿವಾಲ್ವರ್ ಒಂದು ಹಿತ್ತಾಳೆ ತಟ್ಟೆಯಲ್ಲಿತ್ತು. ಅವನು ಅದನ್ನು ಸರಿಯಾಗಿ ನೋಡಿದ್ದು ಅವತ್ತೇ. ಅಂಗೈ ಅಗಲದ ವಸ್ತು. ಅಂಗಳದಲ್ಲಿ ನಿಂತೇ ನೋಡಿದ.

"ಗೌಡ್ರೆ, ಇವತ್ತೊಂದು ದಿನ ಕೊಟ್ರೆ ಮನೇಲಿ ದೀಪ ಹಚ್ಚಿ ನಾಳೆ ತಂದು ಕೊಡ್ತಿದ್ದೆ. ನನ್ನ ಹೆಸರಲ್ಲಿ ಉಂಟಲ್ಲ."

ಜಗಲಿಯಲ್ಲಿದ್ದ ನೆಂಟರು ನಕ್ಕರು. ಗೌಡರ ಮಗ ದಿಗಂತ್ ಎಲ್ಲರಿಗಿಂತ ಜೋರಾಗಿ ನಕ್ಕ. ತೋಟದ ಬಂಗಲೆಯಲ್ಲಿ ಹೋಂಸ್ಟೇ ನಡೆಸುವ ಹುಡುಗ. "ಪಪ್ಪಾ, ಓನರ್ ಬಂದ್ರು, ಕುರ್ಚಿ ಹಾಕಿ" ಎಂದ.

ಗೌಡರು ನಗಲಿಲ್ಲ. ಮೆಲ್ಲಗೆ ಹೇಳಿದರು. "ಗುರುವ, ಹೆಸರು ಬೇರೆ, ಕೋವಿ ಬೇರೆ. ನಿನ್ನ ಹೆಸರು ಅಲ್ಲಿ ಕೂತ್ಕೊಳ್ಳಿಕ್ಕೆ ಬಿಟ್ಟಿದ್ದೇನೆ, ಅಷ್ಟೇ. ಇಲ್ಲಿ ಬಂದು ಕೈಚಾಚಬೇಡ. ಹಿಂದಕ್ಕೆ ಹೋಗು, ಊಟ ಕೊಡ್ತಾರೆ."

ಹಿಂದಕ್ಕೆ ಹೋದ. ಬಾಳೆಲೆಯಲ್ಲಿ ಕೊಟ್ಟದ್ದನ್ನು ಮನೆಗೆ ಕಟ್ಟಿಕೊಂಡು ಬಂದ. ಅವ್ವ ಕೇಳಿದಳು, ಕೊಟ್ರಾ ಎಂದು. ಪೂಜೆಯಲ್ಲಿ ಉಂಟು ಅವ್ವ, ಆಮೇಲೆ ಕೊಡ್ತಾರಂತೆ ಎಂದ. ಅವಳು ನಂಬಿದಳು. ಮಗನ ಮಾತನ್ನು ಅವಳಲ್ಲದೆ ಇನ್ಯಾರು ನಂಬಬೇಕು. ಅಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕಾಫಿ ಹಣ್ಣಾಗಿ ಪಿಕ್ಕಿಂಗು ನಡೆಯುತ್ತಿದ್ದ ದಿನಗಳಲ್ಲಿ ಗಂಗಮ್ಮ ಹೋದಳು. ಬೆಳಿಗ್ಗೆ ಲಿಂಗಿ ಗಂಜಿ ಕುಡಿಸಲು ತಲೆ ಎತ್ತಿದಾಗ ಕುತ್ತಿಗೆ ನಿಲ್ಲಲಿಲ್ಲ. ಗುರುವಪ್ಪ ಅವ್ವನ ಕಣ್ಣು ಮುಚ್ಚಿದ, ಗದ್ದಕ್ಕೆ ಬಟ್ಟೆ ಕಟ್ಟಿದ. ನೆಲ್ಯಹುದಿಕೇರಿಯಲ್ಲಿದ್ದ ತಂಗಿ ಮಹಾದೇವಮ್ಮನಿಗೆ ಫೋನು ಮಾಡಿಸಿದ. ಆಮೇಲೆ ಯಾರಿಗೂ ಏನೂ ಹೇಳದೆ ಗೌಡರ ಮನೆಯ ದಾರಿ ಹಿಡಿದ. ಅಳು ಬಂದಿರಲಿಲ್ಲ. ಎರಡು ಈಡು, ಎರಡು ಈಡು ಎಂದು ಹೆಜ್ಜೆ ಹಾಕುತ್ತಿದ್ದ. ಕೋವಿ ಮನೆಗೆ ಕೊಡುವುದು ಬೇಡ. ಅವರೇ ಹೊಡೆಯಲಿ, ಅವರ ಅಂಗಳದಲ್ಲೇ ಹೊಡೆಯಲಿ. ಸದ್ದು ಬಂದರೆ ಸಾಕು.

ಗೌಡರು ಕೇಳಿಸಿಕೊಂಡು ಲೊಚಗುಟ್ಟಿದರು. ನಂದೀಶನ ಕಡೆ ನೋಡಿದರು. ನಂದೀಶ್ ನೆಲ ನೋಡಿದ.

"ಆ ರಿವಾಲ್ವರ್ ಈಗ ಇಲ್ಲೆ ಗುರುವ" ಎಂದರು.

"ಎಲ್ಲಿ ಉಂಟು ಗೌಡ್ರೆ?"

"ದಿಗಂತ್ ಕೊಟ್ಟುಬಿಟ್ಟಿದ್ದಾನೆ. ಹೋಂಸ್ಟೇಗೆ ಯಾರೋ ಮೈಸೂರು ಕಡೆಯವರು ಬಂದಿದ್ರು. ನೋಡಿ ಇಷ್ಟಪಟ್ರು. ಕೊಟ್ಟ."

"ಮಾರಿದ್ರಾ?"

ಗೌಡರು ಅಂಗಳದಾಚೆ ತೋಟದ ಕಡೆ ನೋಡಿದರು.

"ಅವ್ರಿಗೆ ಲೈಸೆನ್ಸು ಉಂಟಾ? ಕಚೇರಿಗೆ ತಿಳ್ಸಿದ್ರಾ?"

"ಅದೆಲ್ಲ ನಿಂಗ್ಯಾಕೆ?"

ಯಾಕೆ ಅಂತೆ. ಎಲ್ಲಿಯವನೋ, ಯಾರೋ, ಕೈಯಲ್ಲಿ ಗುಂಡು ತುಂಬಿದ ಕೋವಿ. ಅದರಿಂದ ನಾಳೆ ಯಾರ ಎದೆ ಒಡೆದರೂ ಪೊಲೀಸರು ಬರುವುದು ಪೈಸಾರಿಯ ಕೊನೆಯ ಮನೆಗೆ. ಗುರುವಪ್ಪನಿಗೆ ಜೀಪಿನಲ್ಲಿ ಉರು ಹೊಡೆದದ್ದೆಲ್ಲ ನೆನಪಿತ್ತು. ಇನ್ನೊಬ್ಬರ ಕೈಗೆ ಕೊಟ್ಟರೆ ಜೈಲು. ಅವನು ಕೊಟ್ಟಿರಲಿಲ್ಲ, ಮುಟ್ಟಿಯೂ ಇರಲಿಲ್ಲ.

"ನೋಡು ಗುರುವ" ಎಂದು ಗೌಡರು ಜಗಲಿಯಿಂದ ಇಳಿದು ಬಂದರು. ಅವನ ಪಕ್ಕದಲ್ಲಿ ನಿಂತರು. ಅಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ. "ಪಂಚಾಯ್ತಿ ಎಲೆಕ್ಷನ್ ಬರ್ತಾ ಉಂಟು. ಎಲ್ಲ ಕೋವಿನೂ ಸ್ಟೇಷನ್ನಿಗೆ ಒಪ್ಪಿಸಿ ಅಂತಾರೆ. ನೀ ಒಂದು ಕೆಲಸ ಮಾಡು. ಹಾರಂಗಿ ಡ್ಯಾಮಿಗೆ ಹೋದಾಗ ಹಿನ್ನೀರಿಗೆ ಬಿದ್ದು ಹೋಯ್ತು ಅಂತ ಬರ್ದು ಕೊಡು. ನಂದೀಶ ಬರೀತಾನೆ, ನೀ ಸೈ ಹಾಕು ಸಾಕು. ಏನೂ ಆಗುದಿಲ್ಲ. ಒಂದೆರಡು ದಿನ ಕೂರಿಸಿದ್ರೂ ನಾ ಬಿಡಿಸ್ತೇನೆ."

ಗುರುವಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಗೌಡರು ಮಾತು ಮುಂದುವರಿಸಿದರು.

"ನಿಮ್ಮವ್ವನ ಆಸೆ ನಾ ನೆರವೇರಿಸ್ತೇನೆ. ಆ ಗೊಂಬೆಯಂಥ ಕೋವಿ ಯಾಕೆ? ಅಜ್ಜನ ಜೋಡಿನಳಿಗೆಯಿಂದ ಎರಡು ಈಡು ಹೊಡೆಸ್ತೇನೆ. ಇಡೀ ನಾಡಿಗೆ ಕೇಳ್ತದೆ. ನಮ್ಮ ಅಪ್ಪ ಸತ್ತಾಗ ಹೊಡೆದ ಕೋವಿ ಅದು. ನಿಮ್ಮ ಜನಕ್ಕೆ ಇಷ್ಟರವರೆಗೆ ಯಾರಾದ್ರೂ ಹೊಡೆದದ್ದುಂಟಾ, ಹೇಳು."

ಇಲ್ಲ. ಯಾರೂ ಹೊಡೆದಿರಲಿಲ್ಲ. ಗುರುವಪ್ಪನ ಅಪ್ಪನಿಗಿಲ್ಲ, ಅಜ್ಜನಿಗಿಲ್ಲ. ಹೂಂ ಅಂದರೆ ಇನ್ನೊಂದು ಗಳಿಗೆಯಲ್ಲಿ ಅವ್ವನ ಹೆಸರು ಗುಡ್ಡ ದಾಟುತ್ತದೆ. ಜನ ಪಿಕ್ಕಿಂಗಿನ ಚೀಲ ಕೆಳಗಿಟ್ಟು ಕಿವಿಗೊಡುತ್ತಾರೆ. ಅವ್ವ ಕೇಳಿದ್ದು ಅಷ್ಟೇ. ಬಾಯಿ ಹೂಂ ಅನ್ನಲು ತೆರೆಯಿತು ಕೂಡ. ನಂದೀಶ್ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ.

ಆ ಪೆನ್ನು ನೋಡಿ ಅವನಿಗೆ ಏನಾಯಿತೋ. ಅವ್ವ ಇನ್ನೂ ಚಾಪೆಯ ಮೇಲಿದ್ದಾಳೆ, ಮೈ ತೊಳೆದಿಲ್ಲ. ಇವರು ಪೆನ್ನು ಸಿದ್ಧ ಮಾಡಿ ಕೂತಿದ್ದಾರೆ.

"ಬೇಡ ಗೌಡ್ರೆ" ಎಂದ.

"ಎಂಥ ಬೇಡ?"

"ಈಡು ಬೇಡ. ಸೈ ಹಾಕುದಿಲ್ಲ."

ಇಷ್ಟೇ ಅಂದದ್ದು. ಆದರೆ ಆ ಅಂಗಳದಲ್ಲಿ ಅವನ ವಂಶದವರು ಬೇಡ ಎಂಬ ಮಾತನ್ನು ಅಲ್ಲಿಯವರೆಗೆ ಆಡಿರಲಿಲ್ಲ. ಗೇಟು ದಾಟುವವರೆಗೂ ಹಿಂದಿನಿಂದ ಯಾರಾದರೂ ಹಿಡಿದೆಳೆಯುತ್ತಾರೆ ಎಂದು ಬೆನ್ನು ಬಿಗಿ ಹಿಡಿದೇ ನಡೆದ. ತಿರುವಿನಲ್ಲಿ ಕಾಫಿ ಗಿಡದ ಮರೆಗೆ ಹೋಗಿ ಕುಕ್ಕರಿಸಿ ಅತ್ತ. ಅವ್ವನಿಗೆ ಕೊಟ್ಟ ಒಂದೇ ಮಾತು, ಅದನ್ನೂ ತಾನೇ ಕೈಯಾರೆ ಮುರಿದು ಬಂದೆನಲ್ಲ ಎಂದು ಅತ್ತ.

ಮಧ್ಯಾಹ್ನದ ಹೊತ್ತಿಗೆ ಮಹಾದೇವಮ್ಮ ಬಸ್ಸಿಳಿದು ಎದೆ ಬಡಿದುಕೊಂಡು ಬಂದಳು. ಕಾಲೊನಿಯ ಗಂಡಸರು ಗುಂಡಿ ತೋಡಿ ಬಂದಿದ್ದರು. ಗಂಗಮ್ಮನ ಮೈ ತೊಳೆದು ಬಿಳಿ ಬಟ್ಟೆ ಹೊದಿಸಿ ಬಿದಿರ ಚಟ್ಟದ ಮೇಲೆ ಮಲಗಿಸಿದರು. ಎಷ್ಟು ಹಗುರ ಇದ್ದಳೆಂದರೆ ನಾಲ್ಕು ಹೆಗಲು ಬೇಕಿರಲಿಲ್ಲ. ಗುರುವಪ್ಪ ಮುಂದೆ ಹೆಗಲು ಕೊಟ್ಟ. ಸುದ್ದಿಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾಗ, ಗೌಡರ ಮನೆಯ ಕಡೆಯಿಂದ ಒಂದು ಈಡು ಕೇಳಿತು.

ಎಲ್ಲರೂ ನಿಂತರು. ಗುಡ್ಡಕ್ಕೆ ಬಡಿದು ಸದ್ದು ತಿರುಗಿ ಬರುವುದರೊಳಗೆ ಎರಡನೆಯದೂ ಹಾರಿತು.

"ಅಯ್ಯೋ ಅವ್ವಾ" ಎಂದು ಮಹಾದೇವಮ್ಮ ನೆಲಕ್ಕೆ ಬಿದ್ದು ಅತ್ತಳು. ಲಿಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಮುದುಕರು ಗೌಡರ ಮನೆಯ ಕಡೆ ಕೈ ಮುಗಿದರು. ನಮ್ಮ ಹೆಣಕ್ಕೂ ಈಡು ಬಿತ್ತಲ್ಲ, ದೊಡ್ಡ ಮನುಷ್ಯ, ದೊಡ್ಡ ಮನಸ್ಸು ಎಂದರು. ಆಚೆ ತೋಟದಲ್ಲಿ ಪಿಕ್ಕಿಂಗಿನವರು ಎದ್ದು ನಿಂತು ನೋಡುತ್ತಿದ್ದದ್ದು ಕಾಣಿಸುತ್ತಿತ್ತು.

ಗುರುವಪ್ಪನಿಗೆ ಒಂದು ಕ್ಷಣ ಹಿಗ್ಗೇ ಆಯಿತು. ಸುಳ್ಳು ಯಾಕೆ ಹೇಳಬೇಕು. ಅವ್ವ, ಕೇಳಿತಾ ಎಂದು ಹೆಗಲ ಮೇಲಿನ ಚಟ್ಟಕ್ಕೆ ಮನಸ್ಸಿನಲ್ಲೇ ಹೇಳಿದ. ಮರುಕ್ಷಣ ಅರ್ಥವಾಯಿತು. ಬೇಡ ಅಂದರೂ ಅವ್ವನ ಹೆಣಕ್ಕೆ ಈಡು ಹೊಡೆದಿದ್ದಾರೆ. ಇಡೀ ಊರು ಕೇಳಿದೆ. ಇನ್ನು ಗುರುವಪ್ಪ ಬಾಯಿ ತೆರೆದರೆ, ಅವ್ವನಿಗೆ ಈಡು ಹೊಡೆಸಿದ ಗೌಡರಿಗೆ ಎರಡು ಬಗೆದ ನಾಯಿ ಅನ್ನುತ್ತದೆ ಊರು. ಇನ್ನು ಕಾಗದದ ಮೇಲೆ ಅವನ ಸೈ ಬೇಕಿರಲಿಲ್ಲ. ಸದ್ದಿನಲ್ಲೇ ಹಾಕಿಸಿಕೊಂಡಿದ್ದರು.

"ಚಟ್ಟ ಇಳ್ಸಿ" ಎಂದ.

"ದಾರೀಲಿ ಇಳ್ಸಬಾರದು ಗುರುವ" ಎಂದ ಹಿಂದೆ ಹೆಗಲು ಕೊಟ್ಟಿದ್ದ ಬೆಳ್ಯಪ್ಪ. ಕಾಲೊನಿಗೆ ಹಿರಿಯ, ಎಲ್ಲರ ಜಗಳಕ್ಕೂ ಅವನೇ ಪಂಚಾಯ್ತಿ.

"ಇಳ್ಸಿ ಬೆಳ್ಯಪ್ಪಣ್ಣ. ಇದನ್ನ ಹೊತ್ಕೊಂಡು ಮುಂದೆ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬದುವಿನ ಮೇಲೆಯೇ ಇಳಿಸಿದರು. ಗುರುವಪ್ಪ ಅವ್ವನ ಕಾಲ ಬಳಿ ನಿಂತು, ಸತ್ತವರ ಹೆಸರು ಕೂಗುವಷ್ಟೇ ಗಟ್ಟಿಯಾಗಿ ಎಲ್ಲವನ್ನೂ ಹೇಳಿದ. ತನ್ನ ಹೆಸರಿಗೆ ಮಾರಿದ್ದು, ತನ್ನ ಕೈಗೆ ಕೊಡದಿದ್ದದ್ದು, ಲೈಸೆನ್ಸಿಲ್ಲದ ಯಾರಿಗೋ ಮತ್ತೆ ಮಾರಿದ್ದು, ಹಾರಂಗಿಗೆ ಬಿತ್ತು ಅನ್ನು ಅಂದದ್ದು, ಅದಕ್ಕೆ ಬದಲಾಗಿ ಈ ಎರಡು ಈಡು.

"ಈ ಈಡು ನಮ್ಮವ್ವಂಗೆ ಅಲ್ಲ. ನನ್ನ ಬಾಯಿಗೆ ಹೊಡೆದದ್ದು."

ಗಂಡಸರು ಒಬ್ಬೊಬ್ಬರಾಗಿ ತೋಟದ ಕಡೆ ತಿರುಗಿ ನೋಡಿದರು. ಅಲ್ಲಿದ್ದವರಲ್ಲಿ ಗೌಡರ ತೋಟಕ್ಕೆ ಹೋಗದವರೇ ಇರಲಿಲ್ಲ. ಪಿಕ್ಕಿಂಗು ಇನ್ನೂ ಅರ್ಧ ಬಾಕಿ ಇತ್ತು.

"ಸುಮ್ನಿರು ಮಾರಾಯ" ಎಂದು ಬೆಳ್ಯಪ್ಪ ತಗ್ಗಿದ ದನಿಯಲ್ಲಿ ಬೇಡಿಕೊಂಡ. "ಯಾಕಾದ್ರೂ ಕೊಡ್ಲಿ, ನಿಮ್ಮವ್ವಂಗೆ ಸಿಕ್ತಲ್ಲ. ನಮ್ಮಲ್ಲಿ ಯಾರಿಗೆ ಸಿಕ್ಕಿತ್ತು?"

"ಕೊಟ್ಟದ್ದಲ್ಲಣ್ಣ. ನನ್ನನ್ನ ಕೊಂಡ್ಕೊಂಡದ್ದು."

ಮಹಾದೇವಮ್ಮ ಎದ್ದು ಬಂದು ಅಣ್ಣನ ಕೆನ್ನೆಗೆ ಹೊಡೆದಳು. "ಅವ್ವಂಗೆ ಸಿಕ್ಕಿದ್ದು ಅದೊಂದೇ. ಅದನ್ನೂ ಕಿತ್ಕೊಂಡ್ಯಲ್ಲೋ ಪಾಪಿ" ಎಂದಳು. ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳು ಏನಿತ್ತು? ಅವ್ವನ ಈಡನ್ನು ಗೌಡರು ಅರ್ಧ ಕೆಡಿಸಿದ್ದರು, ಉಳಿದರ್ಧ ಅವನೇ ಕೆಡಿಸಿದ. ಮಣ್ಣು ಮಾಡುವವರೆಗೂ ತಂಗಿ ಅವನ ಮುಖ ನೋಡಲಿಲ್ಲ. ಮೂರು ಹಿಡಿ ಮಣ್ಣು ಹಾಕಿದ ಮೇಲೆ ಅವನು ಕೈ ತೊಳೆಯದೆ ರಸ್ತೆಯ ಕಡೆ ನಡೆದ. 'ಸೂತಕ, ಇವತ್ತು ಎಲ್ಲಿಗೂ ಹೋಗಬಾರದು' ಎಂದು ಬೆಳ್ಯಪ್ಪ ಕೂಗಿದ್ದು ಕೇಳಿಸಿತು. ಲಿಂಗಿ ಮಾತ್ರ ಚಪ್ಪಲಿ ಹುಡುಕುತ್ತ ನಿಲ್ಲದೆ ಬರಿಗಾಲಲ್ಲೇ ಅವನ ಹಿಂದೆ ಬಂದಳು.

"ಬಸ್ಸು ಬರ್ಲಿಕ್ಕೆ ಹೊತ್ತುಂಟು, ನೀ ಮನೆಗೆ ಹೋಗು" ಎಂದ.

"ನಡ್ದೇ ಹೋಗುವ" ಎಂದಳು.

ಸ್ಟೇಷನ್ನಿನಲ್ಲಿ ಮೇಜಿನ ಹಿಂದೆ ಕೂತಿದ್ದ ಪೊಲೀಸಪ್ಪ ಇವನ ಕೈಯ ಮಣ್ಣು ನೋಡಿ, ಏನು ಜಗಳವಾ ಎಂದು ಕೇಳಿದ. ಗುರುವಪ್ಪ ನಿಂತುಕೊಂಡೇ ಹೇಳಿದ. ಪೊಲೀಸಪ್ಪ ಮೊದಲು ಬರೆಯಲು ಹೊರಟವನು ಗೌಡರ ಹೆಸರು ಬಂದ ಕೂಡಲೇ ಪೆನ್ನು ಕೆಳಗಿಟ್ಟ. ಒಳಗೆ ಹೋಗಿ ಯಾರಿಗೋ ಫೋನು ಮಾಡಿದ. ತುಂಬ ಹೊತ್ತು ಮಾತಾಡಿ ತಿರುಗಿ ಬಂದಾಗ ಅವನ ದನಿ ಬದಲಾಗಿತ್ತು.

"ನೋಡಪ್ಪ, ಮಾರಿದ್ದು ಅವರು, ಕೊಂಡದ್ದು ನೀನು. ಕೋವಿ ನಿನ್ನ ಹೆಸರಲ್ಲಿ ಉಂಟು, ನಿನ್ನ ಮನೆಯಲ್ಲಿ ಇಲ್ಲ. ಎಲ್ಲಿ ಹೋಯ್ತು ಅಂತ ನೀನೇ ಉತ್ತರ ಕೊಡ್ಬೇಕು. ಗೌಡ್ರು ನಿಂಗೆ ಕೊಟ್ಟೇ ಇಲ್ಲ ಅನ್ಲಿಕ್ಕೆ ಸಾಕ್ಷಿ ಉಂಟಾ?"

"ಇಲ್ಲ ಸಾರ್."

"ಮೈಸೂರಿನವನ ಹೆಸರು?"

"ಗೊತ್ತಿಲ್ಲ. ಗೌಡ್ರ ಮಗನಿಗೆ ಗೊತ್ತುಂಟು. ಅವ್ರನ್ನ ಕೇಳಿ."

"ಯಾರನ್ನ ಕೇಳ್ಬೇಕು ಅಂತ ನೀ ಹೇಳ್ಕೊಡ್ಬೇಡ." ಆಮೇಲೆ ಅವನೇ ಮೆತ್ತಗಾದ. ಕೆಟ್ಟವನಲ್ಲ ಅವನು, ನೌಕರಿಯವನು. "ತಾಯಿ ಸತ್ತಿದ್ದಾರೆ ಅಂತೀಯ. ಮನೆಗೆ ಹೋಗು. ತಿಥಿ ಮುಗಿಸಿ, ಗೌಡ್ರ ಹತ್ರ ಒಂದು ಮಾತು ಆಡಿ ಬಾ. ಈಗ ನಾನು ಇದನ್ನ ಬರ್ಕೊಂಡ್ರೆ ಮೊದಲು ಒಳಗೆ ಹೋಗುವವನು ನೀನೇ. ನೀನೇ ಸೈ ಹಾಕಿದ್ದು."

ಗುರುವಪ್ಪ ತಿರುಗಿ ಬಾಗಿಲ ಕಡೆ ನೋಡಿದ. ಲಿಂಗಿ ಮೆಟ್ಟಿಲ ಮೇಲೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಅವಳು ತಲೆ ಎತ್ತಿ ನೋಡಿದಳು. ತಿಥಿ ಮಾಡಲು ಮನೆಯಲ್ಲಿ ಬೇರೆ ಗಂಡಸಿರಲಿಲ್ಲ. ನಾಳೆಯಿಂದ ಗೌಡರ ತೋಟವೂ ಇಲ್ಲ. ಅವನಿಗೆ ಭಯವಾಯಿತು. ತುಂಬ ಭಯವಾಯಿತು. ಅವನು ಮೇಜಿನ ಹತ್ತಿರಕ್ಕೆ ಬಂದು, ಕೆಳಗಿಟ್ಟ ಪೆನ್ನನ್ನು ಮಣ್ಣಿನ ಕೈಯಲ್ಲಿ ಪೊಲೀಸಪ್ಪನ ಕಡೆಗೆ ತಳ್ಳಿದ.

"ಹೌದು ಸಾರ್, ಸೈ ಹಾಕಿದ್ದು ನಾನೇ" ಎಂದ. "ಅದನ್ನೂ ಬರ್ಕೊಳ್ಳಿ."